ಹಾಡು ನನ್ನದು, ಮೈಕು ಯಾರದು?

1941ರ ಆಗಸ್ಟ್ ತಿಂಗಳು. ಎರಡನೇ ಮಹಾಯುದ್ಧ ಶುರುವಾಗಿ ಎರಡು ವರ್ಷ ಆಗುತ್ತ ಬಂದಿತ್ತು. ಹಿಟ್ಲರನ ಸೈನ್ಯ ಯುಗೊಸ್ಲಾವಿಯಾ ದೇಶವನ್ನು ಗೆದ್ದು, ರಾಜಧಾನಿ ಬೆಲ್‌ಗ್ರೇಡಿನ ರೇಡಿಯೊವನ್ನೂ ಕೈಗೆ ತೆಗೆದುಕೊಂಡಿತ್ತು. ದೂರ ದೂರ ಇರುವ ತನ್ನ ಸೈನಿಕರಿಗೆ ಸುದ್ದಿ, ಸಂಗೀತ ಕೇಳಿಸುವುದು ಆ ಕೇಂದ್ರದ ಕೆಲಸ. ಆದರೆ ಹಾಕೋಣವೆಂದರೆ ಅಲ್ಲಿ ಗ್ರಾಮಫೋನ್ ಪ್ಲೇಟುಗಳೇ ಕಡಿಮೆ. ವಿಯೆನ್ನಾದಿಂದ ಒಂದಷ್ಟು ಹಳೆಯ ಪ್ಲೇಟುಗಳನ್ನು ತರಿಸಿದರು. ಆ ರಾಶಿಯಲ್ಲಿ, 1939ರಲ್ಲಿ ಬಂದು ಬರೀ 700ರಷ್ಟು ಮಾರಾಟವಾಗಿ ಮೂಲೆ ಸೇರಿದ್ದ ಒಂದು ಪ್ಲೇಟು ಇತ್ತು. ಹಾಡಿದವಳು ಲಾಲೆ ಆಂಡರ್ಸನ್. ಹಾಡಿನ ಹೆಸರು ಲಿಲಿ ಮಾರ್ಲೀನ್.

ಬೇರೇನೂ ಇಲ್ಲ ಎಂದು ಹಾಕಿದ ಹಾಡು ಅದು. ಆಮೇಲೆ ನಿಲ್ಲಿಸಲು ಆಗಲಿಲ್ಲ. ಸೈನಿಕರು ಕಾಗದದ ಮೇಲೆ ಕಾಗದ ಬರೆದರು, ಇನ್ನೊಮ್ಮೆ ಹಾಕಿ ಎಂದು. ಕೊನೆಗೆ ದಿನಾ ರಾತ್ರಿ 10 ಗಂಟೆಗೆ ಕೆಲವು ನಿಮಿಷ ಮೊದಲು ಆ ಹಾಡು ಹಾಕುವುದು ಪದ್ಧತಿಯೇ ಆಯಿತು. ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಜರ್ಮನ್ ಸೈನಿಕರು ಕೇಳಿದರು. ಎದುರಿಗೆ ಬಂದೂಕು ಹಿಡಿದು ಕೂತಿದ್ದ ಬ್ರಿಟಿಷ್ ಸೈನಿಕರೂ ಅದೇ ಹೊತ್ತಿಗೆ ರೇಡಿಯೊ ತಿರುಗಿಸಿ ಕೇಳಿದರು. ಆ ಎದುರಿನ ಸಾಲಿನಲ್ಲಿ ನಮ್ಮವರೂ ಇದ್ದರು. ಬ್ರಿಟಿಷರ ಕೈಕೆಳಗೆ 4ನೇ ಇಂಡಿಯನ್ ಡಿವಿಷನ್ ಅದೇ ಮರಳಿನಲ್ಲಿ ಜರ್ಮನ್ ಸೇನಾಪತಿ ರೊಮೆಲ್‌ನ ಪಡೆಯ ವಿರುದ್ಧ ಹೋರಾಡುತ್ತಿತ್ತು.

ಹಾಡಿನಲ್ಲಿ ಇರುವುದಾದರೂ ಏನು? ಸೈನಿಕರ ಬ್ಯಾರಕ್ಕಿನ ಗೇಟು, ಗೇಟಿನ ಹತ್ತಿರ ಒಂದು ದೀಪದ ಕಂಬ, ಕಂಬದ ಕೆಳಗೆ ಒಬ್ಬ ಹುಡುಗಿ. ಹುಡುಗ ಒಳಗೆ ಹೋಗುವ ಹೊತ್ತಾಗಿದೆ. ನಾಳೆ ನಾನು ಬರದೇ ಹೋದರೆ ಈ ದೀಪದ ಕೆಳಗೆ ನಿನ್ನ ಜೊತೆ ಯಾರು ನಿಲ್ಲುತ್ತಾರೆ ಎಂಬ ಸಂಕಟ. ಅಷ್ಟೇ. ಬಾವುಟ ಇಲ್ಲ, ಗೆಲುವಿನ ಮಾತಿಲ್ಲ, ನಾಯಕನ ಹೆಸರಿಲ್ಲ. ಮನೆ ಬಿಟ್ಟು ಬಂದವನಿಗೆ ಯಾವ ದೇಶದವನಾದರೂ ಅರ್ಥವಾಗುವ ಮಾತು. ಹಾನ್ಸ್ ಲೈಪ್ ಎಂಬ ಕವಿ ಇದನ್ನು ಬರೆದದ್ದು 1915ರಲ್ಲಿ, ಮೊದಲ ಮಹಾಯುದ್ಧಕ್ಕೆ ತಾನೇ ಸೈನಿಕನಾಗಿ ಹೊರಟಾಗ. ನಾರ್ಬರ್ಟ್ ಶುಲ್ತ್ಸೆ ರಾಗ ಹಾಕಿದ್ದು 1938ರಲ್ಲಿ.

ಈ ಹಾಡಿನ ಮೇಲೆ, ಇದನ್ನು ಹಾಡಿ ಮೇಲೆ ಬಂದ ಹುಡುಗಿಯ ಮೇಲೆ ಒಂದು ಸಿನಿಮಾ ಇದೆ. ಅದರ ಹೆಸರೂ ಲಿಲಿ ಮಾರ್ಲೀನ್. 1981ರಲ್ಲಿ ಬಂತು. ನಿರ್ದೇಶಕ ಜರ್ಮನಿಯ ರೈನರ್ ವೆರ್ನರ್ ಫಾಸ್‌ಬಿಂಡರ್. ಈತ ಹುಟ್ಟಿದ್ದು 1945ರ ಮೇ, ಯುರೋಪಿನಲ್ಲಿ ಯುದ್ಧ ಮುಗಿದ ಅದೇ ತಿಂಗಳು. ಸತ್ತದ್ದು 1982ರಲ್ಲಿ, 37ನೇ ವಯಸ್ಸಿಗೆ. ನಾನು ಇದನ್ನು ನೋಡಿದ್ದು ಫೋನಿನಲ್ಲಿ. ಸುದ್ದಿ ಕಳಿಸಿ, ಊಟ ಮುಗಿಸಿ, ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದುತ್ತ ಓದುತ್ತ ಎರಡು ತಾಸಿನ ಸಿನಿಮಾಕ್ಕೆ ಮೂರು ರಾತ್ರಿ ಹಿಡಿಯಿತು. ಯಾಕೆ ಇಷ್ಟು ಹಟ ಹಿಡಿದು ನೋಡಿದೆ ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಕಥೆ.

ವಿಲ್ಲಿಯ ಕಥೆ

ಸಿನಿಮಾದ ನಾಯಕಿಯ ಹೆಸರು ವಿಲ್ಲಿ. ಲಾಲೆ ಆಂಡರ್ಸನ್ ಬರೆದ ಆತ್ಮಕಥೆಯ ಆಧಾರ ಇದ್ದರೂ ಫಾಸ್‌ಬಿಂಡರ್ ಹೆಸರು ಬದಲಿಸಿ, ಕಥೆಯನ್ನೂ ತನಗೆ ಬೇಕಾದಂತೆ ಹೆಣೆದಿದ್ದಾನೆ. ಹಾಗಾಗಿ ಇದನ್ನು ಪಕ್ಕಾ ಜೀವನಚರಿತ್ರೆ ಅಂದುಕೊಂಡು ನೋಡಬೇಡಿ. ಪಾತ್ರ ಮಾಡಿದವಳು ಹಾನ್ನಾ ಶಿಗುಲ್ಲಾ. ಹಾಡನ್ನೂ ಅವಳೇ ಹಾಡಿದ್ದಾಳೆ.

1938. ಸ್ವಿಟ್ಜರ್ಲೆಂಡಿನ ಜೂರಿಕ್ ನಗರ. ವಿಲ್ಲಿ ಜರ್ಮನಿಯ ಹುಡುಗಿ, ಸಣ್ಣ ಗಾಯಕಿ. ಕೈಯಲ್ಲಿ ದುಡ್ಡಿಲ್ಲ, ತಲೆ ಮೇಲೆ ಸಾಲ. ರಾಬರ್ಟ್ ಎಂಬ ಸಂಗೀತಗಾರನನ್ನು ಪ್ರೀತಿಸುತ್ತಾಳೆ. ಅವನು ಯಹೂದಿ, ದೊಡ್ಡ ಮನೆತನದ ಮಗ. ಜರ್ಮನಿಯಲ್ಲಿ ಆಗ ಯಹೂದಿಗಳ ಆಸ್ತಿ, ಕೆಲಸ, ಕೊನೆಗೆ ಪ್ರಾಣವನ್ನೂ ಕಿತ್ತುಕೊಳ್ಳುವ ಆಡಳಿತ. ರಾಬರ್ಟನ ತಂದೆಯ ಗುಂಪು ಅಲ್ಲಿಂದ ಯಹೂದಿಗಳನ್ನು ಗುಟ್ಟಾಗಿ ಪಾರು ಮಾಡುವ ಕೆಲಸದಲ್ಲಿದೆ. ಈ ಜರ್ಮನ್ ಹುಡುಗಿಯ ಸಂಗ ಆ ತಂದೆಗೆ ಬೇಡ. ಒಮ್ಮೆ ಗಡಿ ದಾಟಿ ಜರ್ಮನಿಗೆ ಹೋದವಳು ತಿರುಗಿ ಬರದಂತೆ ಸಾಲದ ನೆಪದಲ್ಲಿ ಬಾಗಿಲು ಹಾಕಿಸುತ್ತಾನೆ.

ಅತ್ತ ಉಳಿದ ವಿಲ್ಲಿಗೆ ಹೊಟ್ಟೆಪಾಡು ನಡೆಯಬೇಕು. ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿರುವ ಒಬ್ಬನ ಪರಿಚಯವಿದೆ. ಅವನ ಕೈ ಹಿಡಿದು ರೆಕಾರ್ಡಿಂಗ್ ಆಗುತ್ತದೆ. ಪ್ಲೇಟು ಓಡುವುದಿಲ್ಲ. ಯುದ್ಧ ಬರುತ್ತದೆ. ಬೆಲ್‌ಗ್ರೇಡ್ ರೇಡಿಯೊ ಆ ಹಾಡು ಹಾಕುತ್ತದೆ. ಅಲ್ಲಿಂದ ಅವಳ ದೆಸೆ ತಿರುಗುತ್ತದೆ. ಮಿರಿಮಿರಿ ಹೊಳೆಯುವ ಗೌನು, ತುಂಬಿದ ಸಭಾಂಗಣ, ಸೈನಿಕರ ಚಪ್ಪಾಳೆ, ದೊಡ್ಡ ಬಂಗಲೆ.

ಒಂದು ದಿನ ಹಿಟ್ಲರನ ಭೇಟಿಗೆ ಕರೆ ಬರುತ್ತದೆ. ಈ ದೃಶ್ಯವನ್ನು ಫಾಸ್‌ಬಿಂಡರ್ ತೆಗೆದ ರೀತಿ ನೋಡಬೇಕು. ಹಿಟ್ಲರನ ಮುಖ ಇಲ್ಲ, ಮಾತಿಲ್ಲ. ಒಂದು ಬಾಗಿಲು, ಬಾಗಿಲಿನಿಂದ ಕಣ್ಣು ಕುಕ್ಕುವ ಬೆಳಕು. ವಿಲ್ಲಿ ಆ ಬೆಳಕಿನೊಳಗೆ ಹೋಗುತ್ತಾಳೆ. ನಮ್ಮ ಹಳೆಯ ಪೌರಾಣಿಕ ಸಿನಿಮಾಗಳಲ್ಲಿ ದೇವರು ಪ್ರತ್ಯಕ್ಷನಾಗುವಾಗ ಬರುತ್ತದಲ್ಲ, ಅಂಥ ಬೆಳಕು. ಲಕ್ಷಾಂತರ ಜನರನ್ನು ಕೊಲ್ಲಿಸಿದವನು ಆ ಕಾಲದಲ್ಲಿ ತನ್ನ ಜನರಿಗೆ ಹೇಗೆ ಕಾಣುತ್ತಿದ್ದ ಎಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸಲಾಗದು.

ಇನ್ನೊಂದು ಕಡೆ, ಅವಳು ವೇದಿಕೆಯ ಮೇಲೆ ಹಾಡುತ್ತಿರುವಾಗಲೇ ಯುದ್ಧಭೂಮಿಯ ಚಿತ್ರಗಳು ನಡುನಡುವೆ ನುಗ್ಗುತ್ತವೆ. ಇಲ್ಲಿ ತಾಳ, ಅಲ್ಲಿ ಬಾಂಬು. ಇಲ್ಲಿ ಚಪ್ಪಾಳೆ, ಅಲ್ಲಿ ಮಣ್ಣಿನ ಜೊತೆ ಹಾರುವ ಮನುಷ್ಯರು. ಹಾಡು ಮಾತ್ರ ನಿಲ್ಲುವುದಿಲ್ಲ.

ವಿಲ್ಲಿ ಕೆಟ್ಟವಳಲ್ಲ. ನಾಜಿಗಳ ಸಾವಿನ ಶಿಬಿರಗಳಲ್ಲಿ ನಡೆಯುತ್ತಿದ್ದುದಕ್ಕೆ ಸಾಕ್ಷಿಯಾದ ಒಂದು ಫಿಲ್ಮ್ ಸುರುಳಿಯನ್ನು ಹೊರಗೆ ಸಾಗಿಸಲು ಜೀವ ಒತ್ತೆಯಿಟ್ಟು ನೆರವಾಗುತ್ತಾಳೆ. ಆದರೆ ಯಾರಾದರೂ ನೀನು ಯಾರ ಕಡೆ ಎಂದು ಕೇಳಿದರೆ ಅವಳ ಬಳಿ ಇರುವ ಉತ್ತರ ಒಂದೇ: ನಾನು ಹಾಡುಗಾರ್ತಿ, ಹಾಡುತ್ತೇನೆ ಅಷ್ಟೇ.

ಆ ಉತ್ತರಕ್ಕೆ ಸಿನಿಮಾ ಕೊಡುವ ಪೆಟ್ಟು ರಾಬರ್ಟನ ಜೈಲಿನ ದೃಶ್ಯದಲ್ಲಿದೆ. ಅವಳನ್ನು ನೋಡಲು ಸುಳ್ಳು ಕಾಗದಪತ್ರ ಹಿಡಿದು ಜರ್ಮನಿಗೆ ಬಂದ ರಾಬರ್ಟ್ ಸಿಕ್ಕಿಬೀಳುತ್ತಾನೆ. ಒಂದು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಹೊಡೆಯಲು ಬೆತ್ತ ಬೇಕಾಗಿಲ್ಲ. ಅದೇ ಹಾಡು, ಅದೇ ದನಿ. ಪೂರ್ತಿ ಹಾಡಲ್ಲ, ಅದರ ಒಂದು ತುಣುಕು ಮಾತ್ರ. ಕೆಟ್ಟ ಪ್ಲೇಟಿನ ಹಾಗೆ ಅಲ್ಲೇ ಸಿಕ್ಕಿಕೊಂಡು ಮತ್ತೆ ಮತ್ತೆ, ರಾತ್ರಿ ಹಗಲು. ಪ್ರೀತಿಸಿದವಳ ದನಿಯಿಂದಲೇ ಅವನಿಗೆ ಚಿತ್ರಹಿಂಸೆ. ಅವಳು ಹಾಡಿದ್ದೇನೋ ಪ್ರೀತಿಯ ಹಾಡು. ಆದರೆ ಅದು ಎಲ್ಲಿ, ಯಾವ ಹೊತ್ತಿಗೆ, ಎಷ್ಟು ಸಲ ಕೇಳಬೇಕು ಎಂದು ತೀರ್ಮಾನಿಸುವ ಗುಂಡಿ ಇನ್ನೊಬ್ಬರ ಕೈಯಲ್ಲಿತ್ತು.

ನಿಜವಾದ ಲಾಲೆಗೆ ಆದದ್ದು

ಲಾಲೆ ಆಂಡರ್ಸನ್ 1905ರಲ್ಲಿ ಜರ್ಮನಿಯ ಬಂದರು ಪಟ್ಟಣ ಬ್ರೆಮರ್‌ಹಾವನ್‌ನಲ್ಲಿ ಹುಟ್ಟಿದವಳು. ಜೂರಿಕ್‌ನಲ್ಲಿ ನಾಟಕ, ಹಾಡು ಎಂದು ಓಡಾಡುತ್ತಿದ್ದಾಗ ರೋಲ್ಫ್ ಲೀಬರ್‌ಮನ್ ಎಂಬ ಯಹೂದಿ ಸಂಗೀತಗಾರನ ಪರಿಚಯ, ಪ್ರೀತಿ. ಸಿನಿಮಾದ ರಾಬರ್ಟನ ಹಿಂದೆ ಇರುವ ಮನುಷ್ಯ ಇವನೇ. ಮುಂದೆ ಈತ ಹ್ಯಾಂಬರ್ಗ್ ಮತ್ತು ಪ್ಯಾರಿಸ್‌ನ ಒಪೆರಾ ಸಂಸ್ಥೆಗಳನ್ನು ನಡೆಸಿದ ದೊಡ್ಡ ಹೆಸರಾದ.

ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್‌ಗೆ ಈ ಹಾಡು ಕಂಡರೆ ಆಗುತ್ತಿರಲಿಲ್ಲ. ಸೈನಿಕನಿಗೆ ಯುದ್ಧದ ಹುರುಪು ಬರಬೇಕಾದ ಹೊತ್ತಿಗೆ ಮನೆ ನೆನಪಾಗಿ ಕಣ್ಣೀರು ಬಂದರೆ ಯಾವ ಮಂತ್ರಿಗೆ ಇಷ್ಟವಾದೀತು? ಆದರೆ ಸೈನಿಕರು ಬಿಡಲಿಲ್ಲ, ಹಾಡು ಉಳಿಯಿತು. ಹಾಡಿದವಳು ಸಿಕ್ಕಿಬಿದ್ದಳು. ಜೂರಿಕ್‌ನ ಯಹೂದಿ ಗೆಳೆಯರ ಜೊತೆ ಅವಳ ಕಾಗದ ವ್ಯವಹಾರ 1942ರಲ್ಲಿ ಆಡಳಿತದ ಕೈಗೆ ಸಿಕ್ಕಿತು. ವೇದಿಕೆ ಹತ್ತದಂತೆ ನಿಷೇಧ ಬಂತು. ಅವಳನ್ನು ಸೆರೆ ಶಿಬಿರಕ್ಕೆ ಹಾಕಿದ್ದಾರೆ ಎಂಬ ಸುದ್ದಿ ಬ್ರಿಟಿಷ್ ರೇಡಿಯೊದಲ್ಲಿ ಬಂತು. ಮುಂದೆ ಮತ್ತೆ ಹಾಡಲು ಬಿಟ್ಟರು, ಷರತ್ತಿನ ಮೇಲೆ. ಲಿಲಿ ಮಾರ್ಲೀನ್ ಒಂದನ್ನು ಹಾಡುವಂತಿಲ್ಲ.

ಯೋಚಿಸಿ ನೋಡಿ. ಲೋಕವೆಲ್ಲ ಗುನುಗುತ್ತಿರುವ ಹಾಡು, ಅದನ್ನು ಹಾಡಿದ ಬಾಯಿಗೆ ಮಾತ್ರ ಬೀಗ.

ಅಷ್ಟರಲ್ಲಿ ಹಾಡು ಎದುರು ಪಾಳಯಕ್ಕೂ ಹೋಗಿತ್ತು. ತಮ್ಮ ಸೈನಿಕರು ಶತ್ರುವಿನ ಭಾಷೆಯ ಹಾಡು ಗುನುಗುವುದು ಬ್ರಿಟಿಷ್ ಅಧಿಕಾರಿಗಳಿಗೆ ಇರುಸುಮುರುಸು. 1944ರಲ್ಲಿ ಇಂಗ್ಲಿಷ್ ಸಾಹಿತ್ಯ ಬಂತು. ಅದಕ್ಕೂ ಮೊದಲು, ಜರ್ಮನಿ ಬಿಟ್ಟು ಬಂದಿದ್ದ ಯಹೂದಿ ನಟಿ ಲೂಸಿ ಮಾನ್‌ಹೈಮ್ ಅದೇ ರಾಗಕ್ಕೆ ಹಿಟ್ಲರನನ್ನು ಹಳಿಯುವ ಮಾತು ಕೂಡಿಸಿ ಬಿಬಿಸಿಯ ಜರ್ಮನ್ ಪ್ರಸಾರದಲ್ಲಿ ಹಾಡಿದಳು. ಹಿಟ್ಲರನ ಆಡಳಿತ ಒಪ್ಪದೆ ಜರ್ಮನಿಯಿಂದ ದೂರ ಉಳಿದಿದ್ದ ಸಿನಿಮಾ ತಾರೆ ಮಾರ್ಲೀನ್ ಡೀಟ್ರಿಚ್ ಅಮೆರಿಕದ ಸೈನಿಕರಿಗೆ ಅದೇ ಹಾಡು ಹಾಡಿದಳು. ಒಂದು ರಾಗ, ಎರಡು ಪಾಳಯ, ಹತ್ತು ಬಗೆಯ ಮಾತು.

ರಾಗ ಹಾಕಿದ ಶುಲ್ತ್ಸೆಯದು ಇನ್ನೊಂದು ಕಥೆ. ಅದೇ ಕೈಯಿಂದ ಇಂಗ್ಲೆಂಡಿನ ಮೇಲೆ ಬಾಂಬು ಹಾಕಿರೆಂದು ಹುರಿದುಂಬಿಸುವ ಹಾಡುಗಳಿಗೂ ಅವನು ರಾಗ ಹಾಕಿದ್ದ. ಯುದ್ಧ ಮುಗಿದ ಮೇಲೆ ವಿಚಾರಣೆ ನಡೆದು, ಈತ ಮುಂದಾಳಲ್ಲ, ಹಿಂಬಾಲಕ ಎಂದು ತೀರ್ಮಾನವಾಗಿ 3,000 ಮಾರ್ಕ್ ದಂಡ ಬಿತ್ತು. 2002ರವರೆಗೆ ಬದುಕಿದ್ದ. ಅದೇ ಆಡಳಿತ ಕೊಂದ ಯಹೂದಿಗಳು ಸುಮಾರು 60 ಲಕ್ಷ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟಾಗ ನನಗೆ ಸುಮ್ಮನೆ ಕೂರಲು ಆಗಲಿಲ್ಲ. ರಾಗ ಹಾಕಿದವನಿಗೆ ಗಲ್ಲು ಆಗಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಹಾಡಿಗೂ ನನಗೂ ಸಂಬಂಧವಿಲ್ಲ, ನಾನು ಬರೀ ರಾಗ ಹಾಕಿದೆ ಅನ್ನುವ ಮಾತು ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ನನಗೆ ಯಾಕೆ ಈ ಸಿನಿಮಾ

ನಮ್ಮ ತಾಲೂಕಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಹೆಸರು ಬೇಡ. ಅಜ್ಜಿಯಿಂದ ಕಲಿತ ಬೀಸುವ ಪದ, ಸೋಬಾನ ಪದ ಹಾಡುತ್ತಾಳೆ. ಮೊದಲು ಊರ ಮದುವೆಗಳಲ್ಲಿ, ಆಮೇಲೆ ಜಾತ್ರೆಯ ಆರ್ಕೆಸ್ಟ್ರಾದಲ್ಲಿ. ರಾಗಿ ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ ಒಂದು ವಿಡಿಯೊ ಊರೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಅವಳ ಮೇಲೆ ಒಂದು ಸುದ್ದಿ ಮಾಡಿದ್ದೆ, ಹಾಗಾಗಿ ಅಣ್ಣಾ ಅಂತ ಕರೆದು ಫೋನು ಮಾಡುತ್ತಾಳೆ.

ಚುನಾವಣೆ ಬಂತು. ಒಂದು ಪಕ್ಷದ ಕಡೆಯವರು ಬಂದು, ಅದೇ ಅಜ್ಜಿಯ ಧಾಟಿಗೆ ತಮ್ಮ ಅಭ್ಯರ್ಥಿಯ ಹೆಸರು ಸೇರಿಸಿ ಹಾಡಿಸಿಕೊಂಡು ಹೋದರು. ದುಡ್ಡು ಕೊಟ್ಟರು. ಅವ್ವನ ಆಪರೇಷನ್ನಿಗೆ ಮಾಡಿದ ಸಾಲ ಇತ್ತು, ಅವಳು ಹಾಡಿದಳು. ಇದರಲ್ಲಿ ತಪ್ಪು ಹುಡುಕುವವರು ಮೊದಲು ಆ ಸಾಲದ ಬಡ್ಡಿ ಕಟ್ಟಲಿ. ಹದಿನೈದು ದಿನಕ್ಕೆ ಎದುರು ಪಕ್ಷದ ಪ್ರಚಾರದ ಆಟೊದಲ್ಲೂ ಅವಳದೇ ದನಿ. ಅವರು ಯಾರನ್ನೂ ಕೇಳಲಿಲ್ಲ, ದುಡ್ಡೂ ಕೊಡಲಿಲ್ಲ. ಹಳೆಯ ವಿಡಿಯೊದಿಂದ ಎರಡು ಸಾಲು ಕತ್ತರಿಸಿ, ನಡುವೆ ತಮ್ಮ ಘೋಷಣೆ ತುಂಬಿ, ಬೆಳಗಿನಿಂದ ಸಂಜೆಯವರೆಗೆ ತಿರುಗಿಸಿದರು.

ಆ ರಾತ್ರಿ ಫೋನು ಬಂತು.

"ಅಣ್ಣಾ, ನಾ ಹಾಡಿದ್ದು ಒಂದ ಸಲ. ಈಗ ಎರಡೂ ಪಾರ್ಟಿ ಗಾಡಿಯಾಗ ನನ್ನ ದನಿ ಕೂಗಾಕತ್ತೈತಿ. ನೀರಿಗೆ ಹೋದ್ರ ಮಂದಿ ನೀ ಯಾವ ಪಾರ್ಟಿ ಅಂತಾರ. ಏನ್ ಹೇಳ್ಲಿ?"

"ನಿನಗ ಏನ್ ಅನಸ್ತೈತಿ ಅದನ್ನ ಹೇಳವಾ" ಅಂದೆ.

"ನಾ ಹಾಡಿನ ಪಾರ್ಟಿ ಅಂದೆ. ನಕ್ಕರು."

ಇದಾದ ಎಷ್ಟೋ ದಿನದ ಮೇಲೆ ಗೆಳೆಯನೊಬ್ಬ ಲಿಲಿ ಮಾರ್ಲೀನ್ ಸಿನಿಮಾದ ಕಥೆ ಹೇಳಿದ. ನಾನು ಹುಡುಕಿಕೊಂಡು ನೋಡಿದ್ದು ಅದಕ್ಕೆ. ನಮ್ಮ ಚುನಾವಣೆಯನ್ನೂ ಹಿಟ್ಲರನ ಆಡಳಿತವನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತಿಲ್ಲ, ಹಾಕಲೂಬಾರದು. ನಮ್ಮ ಹುಡುಗಿಗೆ ಆದದ್ದು ಕಿರಿಕಿರಿ, ಅವಮಾನ. ಅಲ್ಲಿ ನಡೆದದ್ದು ಕೊಲೆ. ಆದರೆ ದನಿ ಒಬ್ಬರದು, ಗುಂಡಿ ಇನ್ನೊಬ್ಬರದು ಎಂಬ ವ್ಯವಹಾರ ಎರಡೂ ಕಡೆ ಒಂದೇ.

ನನ್ನ ಕೆಲಸವೂ ಇದರಿಂದ ದೂರವಿಲ್ಲ. ಜಿಲ್ಲೆಯ ಸ್ಟ್ರಿಂಗರ್ ಅಂದರೆ ಏನು ಎಂದು ನಮ್ಮ ಓದುಗರಿಗೆ ಗೊತ್ತು. ಸಂಬಳವಿಲ್ಲ, ಸುದ್ದಿಗೆ ಇಷ್ಟು ಎಂದು ಲೆಕ್ಕ. ಕೈಯಲ್ಲಿ ಹಿಡಿಯುವ ಮೈಕಿನ ಮೇಲೆ ಚಾನೆಲ್ಲಿನ ಲೋಗೊ, ನನ್ನ ಹೆಸರಲ್ಲ. ಬೆಳೆ ಹಾಳಾದ ರೈತನ ಮಾತು ಹತ್ತು ನಿಮಿಷ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಹದಿನೈದು ಸೆಕೆಂಡು ಬರುತ್ತದೆ. ಕೆಳಗೆ ಯಾವ ಸಾಲು ಓಡುತ್ತದೆ, ಮುಂದೆ ಹಿಂದೆ ಯಾವ ಜಾಹೀರಾತು ಬರುತ್ತದೆ, ಅದು ನನ್ನ ಕೈಯಲ್ಲಿಲ್ಲ. ಡಿಪ್ಲೊಮಾ ಓದುವಾಗ ಸುದ್ದಿ ಬರೆಯುವುದನ್ನು ಕಲಿಸಿದರು. ಬರೆದ ಸುದ್ದಿ ಕೈ ಬಿಟ್ಟ ಮೇಲೆ ಏನಾಗುತ್ತದೆ ಎಂಬುದು ಪಾಠದಲ್ಲಿ ಇರಲಿಲ್ಲ.

ಹಾಗಂತ ಕೈ ಚೆಲ್ಲಿ ಕೂರಬೇಕೇ? ಸಿನಿಮಾ ನನಗೆ ಹೇಳಿದ್ದು ಹಾಗಲ್ಲ. ಹಾಡು ಹೊರಗೆ ಹೋದ ಮೇಲೆ ನಮ್ಮ ಮಾತು ಕೇಳುವುದಿಲ್ಲ, ನಿಜ. ಆದರೆ ಹೋಗುವ ಮೊದಲು ಒಂದು ಗಳಿಗೆ ಇರುತ್ತದೆ. ಆ ಗಳಿಗೆಯಲ್ಲಿ ಈ ಮೈಕು ಯಾರದು, ಇದರ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಕ್ಕು ಹಾಡುವವರಿಗೆ ಇದೆ. ವಿಲ್ಲಿ ಅದನ್ನು ಕೇಳಿದಾಗ ಬಹಳ ತಡವಾಗಿತ್ತು. ಫಿಲ್ಮ್ ಸುರುಳಿ ಸಾಗಿಸಿದ ಧೈರ್ಯ ಅವಳಲ್ಲಿ ಮೊದಲಿನಿಂದ ಇತ್ತು. ಆದರೆ ಬಂಗಲೆಯ ಬೀಗದ ಕೈ ತೆಗೆದುಕೊಳ್ಳುವಾಗ ಕೇಳಬೇಕಾದ ಪ್ರಶ್ನೆಯನ್ನು ಅವಳು ಕೇಳಲಿಲ್ಲ.

ಸಿನಿಮಾ ಬಂದಾಗ ಕೆಲವರು ಬೈದಿದ್ದರು. ನಾಜಿಗಳ ಕಾಲವನ್ನು ಇಷ್ಟು ಝಗಮಗ ತೋರಿಸುವುದೇ ಎಂದು. ಅದೇ ಝಗಮಗವೇ ಸಿನಿಮಾದ ಶಕ್ತಿ ಎಂದು ನನಗೆ ಅನ್ನಿಸಿತು. ವಿಲ್ಲಿ ಬೆಳ್ಳಿಯ ಹಾಗೆ ಹೊಳೆಯುತ್ತ ಹಾಡುವಾಗ ನಮಗೂ ಖುಷಿಯಾಗುತ್ತದೆ, ಕಾಲು ತಾಳ ಹಾಕುತ್ತದೆ. ಮರುಗಳಿಗೆ ಬಾಂಬು ಬೀಳುತ್ತದೆ. ನಾವೂ ಆ ಸಭಾಂಗಣದಲ್ಲಿ ಕೂತಿದ್ದರೆ ಚಪ್ಪಾಳೆ ತಟ್ಟುತ್ತಿದ್ದೆವು ಎಂದು ಗೊತ್ತಾಗುತ್ತದೆ. ಕೆಟ್ಟ ಆಡಳಿತ ಯಾವಾಗಲೂ ಕೆಟ್ಟ ಮುಖ ಹೊತ್ತು ಬರುವುದಿಲ್ಲ. ಒಳ್ಳೆಯ ಹಾಡು ಹಾಕಿಕೊಂಡು ಬರುವುದೂ ಉಂಟು.

ಕೊನೆಯಲ್ಲಿ ಯುದ್ಧ ಮುಗಿದು ವಿಲ್ಲಿ ಜೂರಿಕ್‌ಗೆ ಬರುತ್ತಾಳೆ, ರಾಬರ್ಟನನ್ನು ಹುಡುಕಿಕೊಂಡು. ಅವನೀಗ ಹೆಸರುವಾಸಿ, ದೊಡ್ಡ ಸಂಗೀತ ಸಭೆಯ ನಡುವೆ ನಿಂತಿದ್ದಾನೆ. ಅವನಿಗೆ ಮದುವೆಯಾಗಿದೆ. ಅವಳು ನೋಡುತ್ತಾಳೆ, ತಿರುಗಿ ಹೋಗುತ್ತಾಳೆ. ಇಬ್ಬರೂ ಸಂಗೀತಗಾರರೇ. ಒಬ್ಬನಿಗೆ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತದೆ, ಇನ್ನೊಬ್ಬಳಿಗೆ ಹೋಗಲು ಒಂದು ಮನೆ ಇಲ್ಲ. ನಿಜವಾದ ಲಾಲೆಯ ಬದುಕು ಇಷ್ಟು ಬರಿದಾಗಲಿಲ್ಲ. ಯುದ್ಧದ ಕೊನೆಗೆ ಲಂಗೆಓಗ್ ಎಂಬ ಪುಟ್ಟ ದ್ವೀಪ ಸೇರಿದ್ದಳು. ಮುಂದೆ ಮತ್ತೆ ಹಾಡಿದಳು. 1961ರಲ್ಲಿ, ಐವತ್ತು ದಾಟಿದ ಮೇಲೆ, ಯೂರೊವಿಷನ್ ಹಾಡಿನ ಸ್ಪರ್ಧೆಯಲ್ಲಿ ಜರ್ಮನಿಯ ಪರವಾಗಿ ನಿಂತಳು. 1972ರಲ್ಲಿ ತೀರಿಕೊಂಡಳು. ಸಮಾಧಿ ಅದೇ ದ್ವೀಪದಲ್ಲಿದೆ.

ನಮ್ಮ ಹುಡುಗಿಗೆ ನಾನು ಉಪದೇಶ ಮಾಡಲಿಲ್ಲ. ವಿಲ್ಲಿಯ ಕಥೆಯನ್ನು ಕಥೆಯ ಹಾಗೆ ಹೇಳಿದೆ, ಜೈಲಿನ ಕೋಣೆಯ ದೃಶ್ಯವನ್ನೂ ಸೇರಿಸಿ. ಸುಮ್ಮನೆ ಕೇಳಿದಳು. ಈಗ ಯಾರೇ ಕಾರ್ಯಕ್ರಮಕ್ಕೆ ಕರೆದರೂ ದುಡ್ಡಿನ ಮಾತಿಗೆ ಮೊದಲು, "ರೆಕಾರ್ಡಿಂಗ್ ಯಾರ ಹತ್ರ ಇರ್ತೈತ್ರೀ? ಎಲ್ಲೆಲ್ಲಿ ಹಾಕ್ತೀರಿ? ಒಂದ ಕಾಗದದಾಗ ಬರದ ಕೊಡ್ರಿ" ಅನ್ನುತ್ತಾಳಂತೆ. ಒಬ್ಬ ಸಂಘಟಕ ಸಿಟ್ಟಾಗಿ, ನಿನ್ನಂಥವರು ನೂರು ಮಂದಿ ಸಿಗ್ತಾರ ಎಂದು ಎದ್ದು ಹೋದನಂತೆ. ಇನ್ನೊಬ್ಬ ತಲೆ ಕೆರೆದುಕೊಂಡು, ಮಗನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಬರೆದು ಕೊಟ್ಟನಂತೆ.

ಆ ಹಾಳೆಯ ಫೋಟೊ ನನಗೆ ಕಳಿಸಿದ್ದಾಳೆ. ಅಕ್ಷರ ಸೊಟ್ಟ, ತಾರೀಕು ಇದೆ, ಸಹಿ ಇದೆ.